ಸಾರಥಿ ಕೇಳ್ತಾನ, ನಿಮ್ಮ ಹೆಸರು ಹೇಳ್ರಿ: ದುಡಿಯುವ ಹೆಣ್ಣುಮಕ್ಕಳ ರಾತ್ರಿ ತರಗತಿಯನ್ನು ಆಟದಿಂದ ಕಟ್ಟುವ ಬಗೆ

ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಹೆಣ್ಣುಮಕ್ಕಳ ಬೆರಳು ರಾತ್ರಿ ಎಂಟಾದರೂ ಉರಿಯುತ್ತಿರುತ್ತವೆ. ಉರಿ ತಣಿಯಲಿ ಅಂತ ಕೊಬ್ಬರಿ ಎಣ್ಣೆ ಸವರಿಕೊಂಡು ಬರುತ್ತಾರೆ. ಆ ಬೆರಳಲ್ಲಿ ಬಳಪ ಜಾರುತ್ತದೆ, ಪೆನ್ನು ನಿಲ್ಲುವುದಿಲ್ಲ. ಬೆವರು ಒರೆಸಲು ಹೋಗಿ ಕೈ ಕಣ್ಣಿಗೆ ತಾಗಿತೋ, ಅವತ್ತಿನ ಪಾಠ ಅಲ್ಲಿಗೆ ಮುಗಿಯಿತು. ವಯಸ್ಕರಿಗೆ ಕಲಿಸಲು ಹೊರಟ ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. ಇಪ್ಪತ್ತೆರಡು ಪಾಟಿ, ಎರಡು ಡಬ್ಬಿ ಬಳಪ ತಗೊಂಡು ಹೋಗಿ ಓಣಿಯ ಗುಡಿಕಟ್ಟೆಯ ಮೇಲೆ ಕೂತೆ. ಮೂರನೇ ವಾರಕ್ಕೆ ಉಳಿದವರು ನಾಲ್ಕೇ ಮಂದಿ.

ಆ ನಾಲ್ವರಲ್ಲಿ ಒಬ್ಬ ಹಿರಿಯಾಕಿ ಇದ್ದಳು. ಭಾದ್ರಪದದಲ್ಲಿ ಬುಟ್ಟಿಯೊಳಗೆ ಮಳೆಬೆಳೆಯ ದೇವರು ಜೋಕುಮಾರನನ್ನು ಹೊತ್ತು ಮನೆಮನೆಗೆ ಹಾಡುತ್ತ ಹೋಗುವವಳು. ಒಂದು ರಾತ್ರಿ ಪಾಟಿಯನ್ನು ನನ್ನ ಕಡೆ ಸರಿಸಿ ಅಂದಳು: "ಅಕ್ಕೋರ, ಕೈ ಉರಿತಾವ, ಬಾಯಿ ಉರಿಯಂಗಿಲ್ಲ. ಬೇಕಾದರ ಹಾಡಸ್ರಿ."

ಅವತ್ತು ಪಾಟಿ ಮುಚ್ಚಿಟ್ಟು ಹಾಡಿಸಿದೆ. ಮರುವಾರ ಒಂಬತ್ತು ಮಂದಿ ಬಂದರು. ಹಾಡಿನಿಂದ ಆಟಕ್ಕೆ, ಅಂದರೆ ನಾಟಕಕ್ಕೆ, ಬಂದೆವು. ಆಮೇಲೆ ಹನ್ನೆರಡು ವರ್ಷ ಇದೇ ದಾರಿಯಲ್ಲಿ ನಡೆದು, ಎಡವಿ, ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಮಾಲರ ನಡುವೆ, ಪೌರಕಾರ್ಮಿಕರ ಕಾಲೊನಿಯಲ್ಲಿ, ಇಟ್ಟಂಗಿ ಭಟ್ಟಿಯ ಹತ್ತಿರ, ಲಂಬಾಣಿ ತಾಂಡಾದಲ್ಲಿ ಇಂಥ ತರಗತಿ ಶುರು ಮಾಡಬೇಕು ಅನ್ನುವವರಿಗೆ ಉಪಯೋಗಕ್ಕೆ ಬರಲಿ ಅಂತ.

ಆಟ ತೋರಿಸಬೇಡಿ, ಆಟ ಕಟ್ಟಿಸಿ

ನಾನು ಚಿಕ್ಕವಳಿದ್ದಾಗ, ಹಾವೇರಿ ಇನ್ನೂ ಧಾರವಾಡ ಜಿಲ್ಲೆಯೊಳಗೇ ಇತ್ತು. ಬೇರೆ ಜಿಲ್ಲೆಯಾದದ್ದು 1997ರಲ್ಲಿ. ರಾಷ್ಟ್ರೀಯ ಸಾಕ್ಷರತಾ ಮಿಷನ್ 1988ರಲ್ಲಿ ಶುರುವಾಗಿತ್ತು; ಅದರ ಬೆನ್ನಿಗೆ ಹಾಡು, ಬೀದಿನಾಟಕದಿಂದ ಅಕ್ಷರದ ಪ್ರಚಾರ ಮಾಡುವ ಕಲಾಜಾಥಾ ಊರೂರಿಗೆ ಬಂದವು. ನಮ್ಮೂರ ಅಗಸಿಯ ಮುಂದೆ ಹುಡುಗರು ಹಲಗೆ ಬಾರಿಸುತ್ತ ಅಕ್ಷರದ ಹಾಡು ಹಾಡಿದರು. ನನ್ನ ಅವ್ವ ಆ ಹಾಡನ್ನು ಒಂದೇ ರಾತ್ರಿಗೆ ಬಾಯಿಪಾಠ ಮಾಡಿದಳು. ಎಷ್ಟೋ ವರ್ಷ ರೊಟ್ಟಿ ಬಡಿಯುವಾಗ ಹಾಡುತ್ತಿದ್ದಳು. ಅಕ್ಷರ ಮಾತ್ರ ಕಲಿಯಲಿಲ್ಲ. ತರಗತಿಯ ಹೊಸ್ತಿಲನ್ನೂ ತುಳಿಯಲಿಲ್ಲ.

ಜಾಥಾ ಮಾಡಿದ್ದು ಸಣ್ಣ ಕೆಲಸವಲ್ಲ. ಮನೆಯಿಂದ ಹೊರಗೆ ಬಾರದ ಹೆಣ್ಣುಮಕ್ಕಳನ್ನು ಅಗಸಿಯ ತನಕ ತಂದು ಕೂಡಿಸಿತು. ಆದರೆ ಅವ್ವ ಅಲ್ಲಿ ನೋಡುವವಳಾಗಿ ಕೂತಿದ್ದಳು. ಒಂದು ರಾತ್ರಿಗೆ ಹಾಡು ಕಲಿಯುವ ಅವಳ ಕಿವಿ, ಅವಳ ನೆನಪು ಯಾರ ಕಣ್ಣಿಗೂ ಬೀಳಲಿಲ್ಲ. 2011ರ ಜನಗಣತಿಯಲ್ಲಿ ಹಾವೇರಿ ಜಿಲ್ಲೆಯ ಸಾಕ್ಷರತೆ ಶೇ. 77.40, ಗದಗಿನದು ಶೇ. 75.12. ಏಳು ವರ್ಷ ದಾಟಿದ ನಾಲ್ಕು ಮಂದಿಯಲ್ಲಿ ಹತ್ತಿರಹತ್ತಿರ ಒಬ್ಬರಿಗೆ ಓದು ಬರಹ ಇಲ್ಲ. ಆ ಒಬ್ಬರು ಖಾಲಿ ಕೊಡವಲ್ಲ. ಸೋಬಾನ, ಬೀಸುವ ಪದ, ಹಂತಿ ಪದ, ಷರೀಫರ ತತ್ವಪದ, ಆಷಾಢದ ಮಂಗಳವಾರ ಗುಳ್ಳವ್ವನ ಹಾಡು ಅವರ ಬಾಯಲ್ಲಿ ಇವೆ. ಇದರಿಂದಲೇ ಶುರು ಮಾಡಿ.

ಕಿವಿಯಿಂದ ಕಲಿತು ರಂಗಕ್ಕೆ ಬರುವುದು ನಮ್ಮ ಕಡೆಗೆ ಹೊಸದಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು (1892–1944), ಅವರ ನಂತರ ಪುಟ್ಟರಾಜ ಗವಾಯಿಗಳು (1914–2010), ಇಬ್ಬರೂ ಕಣ್ಣು ಕಾಣದವರು, ಕಣ್ಣು ಕಾಣದ ಬಡಮಕ್ಕಳಿಗೆ ಸಂಗೀತ ಕಲಿಸಿ ಬಾಳಿಗೆ ಹಚ್ಚಿದರು. ಆಶ್ರಮದ ಅನ್ನಕ್ಕಾಗಿ ಪುಟ್ಟರಾಜರು ನಾಟಕ ಬರೆದರು, ಕಂಪನಿ ನಡೆಸಿದರು. ಕಲಿಕೆಗೂ ಆಟಕ್ಕೂ ನಡುವೆ ಗೋಡೆ ಇಲ್ಲ ಅನ್ನುವುದಕ್ಕೆ ನಾನು ಬೇರೆ ಸಾಕ್ಷಿ ಹುಡುಕುವುದಿಲ್ಲ.

ದಿನ, ಜಾಗ, ಗುಂಪು

ಶಾಲೆಯ ಕ್ಯಾಲೆಂಡರ್ ನೋಡಿ ತರಗತಿ ಇಟ್ಟರೆ ಸೋಲುತ್ತೀರಿ. ನಮ್ಮಲ್ಲಿ ಜನವರಿಯಿಂದ ಏಪ್ರಿಲ್ ತನಕ ಮೆಣಸಿನಕಾಯಿಯ ಭರಾಟೆ. ಆಗ ಯಾರಿಗೂ ಉಸಿರಾಡಲು ಪುರುಸೊತ್ತಿಲ್ಲ. ಹಾಗಾಗಿ ಜೂನ್ ಸುಮಾರಿನ ಕಾರಹುಣ್ಣಿಮೆಗೆ ಶುರು, ಅಕ್ಟೋಬರ್ ಸುಮಾರಿನ ಶೀಗಿ ಹುಣ್ಣಿಮೆಗೆ ಆಟ. ನಡುವೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಹತ್ತು ದಿನ ನೀವಾಗಿಯೇ ರಜೆ ಕೊಡಿ. ಪೇಟೆಯ ದಿನಗಳಾದ ಸೋಮವಾರ, ಗುರುವಾರ ಬೇಡ. ಉಳಿದದ್ದರಲ್ಲಿ ವಾರಕ್ಕೆ ಮೂರು ರಾತ್ರಿ, ಊಟದ ನಂತರ ಒಂದು ತಾಸು. ಒಂದೂಕಾಲು ತಾಸಿಗಿಂತ ಎಂದೂ ಎಳೆಯಬೇಡಿ, ಬೆಳಗ್ಗೆ ಐದಕ್ಕೆ ನೀರು ಹಿಡಿಯಬೇಕು ಅವರು.

ಜಾಗ ಯಾವುದು ಅನ್ನುವುದು ಬಲು ದೊಡ್ಡ ಮಾತು. ಗುಡಿಕಟ್ಟೆ ಚೆನ್ನಾಗಿದೆ ಅಂತ ನಾನು ಮೊದಲ ವರ್ಷ ಅಲ್ಲೇ ಕೂತಿದ್ದೆನಲ್ಲ, ಮಾದಿಗರ ಕೇರಿಯ ಒಬ್ಬ ಹೆಣ್ಣುಮಗಳೂ ಆ ಮೆಟ್ಟಿಲು ಹತ್ತಲಿಲ್ಲ, ಸಾಬರ ಓಣಿಯವರೂ ಬರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಬಾ ಅಂತಲೂ ಅಂದಿರಲಿಲ್ಲ. ಎಲ್ಲರೂ ಕೂಡಬಹುದಾದ ಜಾಗ ಸಿಕ್ಕದ್ದು ಅಂಗನವಾಡಿಯ ಹಿಂದಿನ ಬಯಲಲ್ಲಿ. ಗುಂಪು ಹದಿನೈದರಿಂದ ಇಪ್ಪತ್ತು ಸಾಕು. ಮಕ್ಕಳು ಬರುತ್ತವೆ, ಬರಲಿ. ಅವಕ್ಕೆ ತಾಳ ಕೊಟ್ಟು ಕೂಡಿಸಿ.

ಮೊದಲ ವಾರ: ಸಾರಥಿ

ನಮ್ಮ ಕಡೆಯ ಬಯಲಾಟವಾದ ದೊಡ್ಡಾಟ ನೋಡಿದವರಿಗೆ ಗೊತ್ತು. ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ ತಡೆದು ಕೇಳುತ್ತಾನೆ: ತಾವು ಯಾರು, ಯಾವ ಊರಿನವರು, ತಮ್ಮ ನಾಮಾಂಕಿತವೇನು? ರಾಜ ಅದಕ್ಕೆ ಗತ್ತಿನಿಂದ ಉತ್ತರ ಕೊಡುತ್ತಾನೆ. ನನ್ನ ಮೊದಲ ಪಾಠ ಇದಿಷ್ಟೇ. ಒಬ್ಬರು ಸಾರಥಿ, ಉಳಿದವರು ಒಬ್ಬೊಬ್ಬರಾಗಿ ಸೆರಗು ಬೀಸುತ್ತ ಒಳಗೆ ಬಂದು ತಮ್ಮ ಹೆಸರು, ತಮ್ಮ ಊರು, ತಾವು ಏನು ಬಲ್ಲೆವು ಅನ್ನುವುದನ್ನು ರಾಜನ ಗತ್ತಿನಲ್ಲಿ ಹೇಳಬೇಕು.

ಸುಲಭ ಅನ್ನಿಸುತ್ತದೆ. ಆದರೆ ಇವರಲ್ಲಿ ಬಹಳ ಮಂದಿಯ ಹೆಸರನ್ನು ಯಾರೂ ಕರೆಯುವುದೇ ಇಲ್ಲ. ಮನೆಯಲ್ಲಿ "ಏ ಇಕಿನ", ಓಣಿಯಲ್ಲಿ ಇಂಥವನ ಹೇಂತಿ, ಇಂಥವನ ಅವ್ವ, ಕೆಲಸದ ಕಡೆ ಎಣಿಕೆಯಲ್ಲಿ ಒಂದು ತಲೆ. ಒಬ್ಬಾಕಿ ಮೂರು ರಾತ್ರಿ ಒಳಗೆ ಬಂದು ಬಂದು ನಕ್ಕು ಓಡಿಹೋದಳು. ನಾಲ್ಕನೇ ರಾತ್ರಿ ನಿಂತಳು. "ನಾನು ಮೋಟೆಬೆನ್ನೂರಿನ ಮಗಳು, ಬ್ಯಾಡಗಿ ಸೊಸಿ. ಎರಡು ಕೈಲೆ ನಾಲ್ಕು ಮಕ್ಕಳ ಸಾಕೇನಿ. ಕೇಳೋ ಸಾರಥಿ" ಅಂತ ಹೆಸರು ಹೇಳಿದಾಗ ಉಳಿದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ವಾರ ಒಂದಕ್ಷರವನ್ನೂ ಬರೆಸಬೇಡಿ. ಮೇಲಿನವರು ಏನೇ ವರದಿ ಕೇಳಲಿ, ಬರೆಸಬೇಡಿ.

ಚೀಟಿಯೊಳಗಿನ ಅಕ್ಷರ

ಪಾತ್ರ ಹಂಚುವಾಗ ಜಾತಿ ಒಳಗೆ ಬರುತ್ತದೆ. ಗೌಡಶಾನಿಯ ಪಾತ್ರ ಯಾರಿಗೆ, ಕಸ ಹೊಡೆಯುವ ಪಾತ್ರ ಯಾರಿಗೆ ಅನ್ನುವುದು ಯಾರೂ ಬಾಯಿಬಿಡದೆಯೇ ತೀರ್ಮಾನ ಆಗಿಬಿಟ್ಟಿರುತ್ತದೆ. ಅದಕ್ಕೆ ಚೀಟಿ ಎತ್ತಿಸುತ್ತೇನೆ. ಚೀಟಿಯಲ್ಲಿ ಬಂದದ್ದನ್ನು ಅಲ್ಲಗಳೆಯುವಂತಿಲ್ಲ.

ಈ ಚೀಟಿಯೇ ನನ್ನ ಪಠ್ಯಪುಸ್ತಕ. ಎರಡನೇ ವಾರ ಚೀಟಿಯಲ್ಲಿ ಬರೀ ಚಿತ್ರ: ಕಿರೀಟ, ಡಪ್ಪು, ಬುಟ್ಟಿ. ಮೂರು, ನಾಲ್ಕನೇ ವಾರ ಚಿತ್ರದ ಕೆಳಗೆ ಶಬ್ದ: ರಾಜ, ಡಪ್ಪು, ಬುಟ್ಟಿ. ಐದನೇ ವಾರ ಚಿತ್ರ ತೆಗೆದುಬಿಡಿ, ಶಬ್ದ ಮಾತ್ರ ಇರಲಿ. ತನಗೆ ಯಾವ ಪಾತ್ರ ಬಂತು ಅನ್ನುವ ಕುತೂಹಲದಲ್ಲಿ ಕಣ್ಣು ತಾನಾಗಿಯೇ ಅಕ್ಷರದ ಮೇಲೆ ನಿಲ್ಲುತ್ತದೆ. ಸರ್ಕಾರಿ ಶಾಲೆಯ ನಲಿಕಲಿಯಲ್ಲಿ ಮಕ್ಕಳಿಗೆ ಅ ಆ ಇ ಈ ಬದಲು ರ ಗ ಸ ದ ಅ ಎಂಬ ಕ್ರಮದಿಂದ ಶುರು ಮಾಡುತ್ತಾರೆ. ದೊಡ್ಡವರಿಗೂ ಅದೇ ಹಗುರ. ರಾಜ, ಸಾರಥಿ, ಗರತಿ, ದಾಸ — ಆಟದ ಪಾತ್ರಗಳು ಈ ಅಕ್ಷರಗಳಿಂದಲೇ ಏಳುತ್ತವೆ ಅನ್ನುವುದು ನಮ್ಮ ಪುಣ್ಯ.

ಬರೆಯುವ ಹೊತ್ತಿಗೆ ಒಡಪು ತನ್ನಿ. ಮದುವೆಯಲ್ಲಿ ಗಂಡನ ಹೆಸರನ್ನು ಒಡಪಿನಲ್ಲಿಟ್ಟು ಹೇಳುವುದು ಇವರಿಗೆ ನೀರು ಕುಡಿದಷ್ಟು ಸಲೀಸು. ನಾನು ಕೇಳುವುದು ಒಂದೇ ಬದಲಾವಣೆ: ಗಂಡನ ಹೆಸರಿದ್ದ ಜಾಗದಲ್ಲಿ ನಿಮ್ಮ ಹೆಸರು ಇಡಿ. ಮೊದಲು ಗದ್ದಲ ಆಗುತ್ತದೆ, ಹಂಗ ಯಾರರ ಹೇಳ್ತಾರೇನ್ರಿ ಅಂತ. ಆಮೇಲೆ ಒಬ್ಬಾಕಿ ಕಟ್ಟಿದಳು:

ಕೆಂಪ ಮೆಣಸಿನಕಾಯಿಗೆ ಒಂದ ತುಂಬ,
ಯಾರ ಕೇಳಿದರೂ ಬರದ ತೋರಸ್ತೀನಿ ನನ್ನ ಹೆಸರ ಪಾಟಿ ತುಂಬ.

ಹೇಳಿದ ಮೇಲೆ ಬರೆಯಲೇಬೇಕಲ್ಲ! ಆ ರಾತ್ರಿ ಪಾಟಿಯನ್ನು ತಾನೇ ಕೇಳಿ ಇಸಕೊಂಡಳು. ಕೈಗೆ ಎಣ್ಣೆ ಇದ್ದವರಿಗೆ ಬಳಪಕ್ಕೆ ಹಳೆಯ ಬಟ್ಟೆಯ ಪಟ್ಟಿ ಸುತ್ತಿ ಕೊಡಿ, ಜಾರುವುದಿಲ್ಲ. ತಟ್ಟೆಯಲ್ಲಿ ಉಸುಕು ಹರಡಿ ಬೆರಳಲ್ಲಿ ಬರೆಸುವುದು ಬೇಡ, ಉರಿಯುವ ಚರ್ಮಕ್ಕೆ ಅದು ಇನ್ನೂ ಕಷ್ಟ.

ಲಂಬಾಣಿ ಹೆಣ್ಣುಮಕ್ಕಳು ತಮ್ಮ ಭಾಷೆಯಲ್ಲಿ ಹಾಡಲಿ, ಮುಸ್ಲಿಂ ಹೆಣ್ಣುಮಕ್ಕಳು ಉರ್ದುವಿನಲ್ಲಿ ಮಾತಾಡಲಿ. ಚೀಟಿ ಕನ್ನಡದಲ್ಲಿದ್ದರೆ ಸಾಕು.

ಕಾಟಾ ಆಟ

ಎರಡನೇ ತಿಂಗಳಲ್ಲಿ ಅವರ ದುಡಿಮೆಯನ್ನೇ ಆಟಕ್ಕೆ ತರಬೇಕು. ತುಂಬು ಬಿಡಿಸುವವರಿಗೆ ಕೂಲಿ ಕಿಲೋ ಲೆಕ್ಕದಲ್ಲಿ. ತೂಕ ಎಲೆಕ್ಟ್ರಾನಿಕ್ ಕಾಟಾದಲ್ಲಿ. ಅದರ ಮೇಲಿನ ಕೆಂಪು ಅಂಕಿ ಏನು ಹೇಳುತ್ತದೆ ಅನ್ನುವುದು ಇವರ ಹೊಟ್ಟೆಯ ಪ್ರಶ್ನೆ. ಹಾಗಾಗಿ ನಾವು ಕಟ್ಟಿದ ಆಟದಲ್ಲಿ ಕಾಟಾವೇ ನಾಯಕಿ. ಇದು ಯಾವುದೇ ಒಂದು ಅಂಗಡಿಯ ಕಥೆಯಲ್ಲ, ಪೂರ್ತಿ ಕಟ್ಟಿದ್ದು.

ನಾಲ್ಕು ಮಂದಿ ಸಾಲಾಗಿ ನಿಂತರು. ಹಳೆಯ ರಟ್ಟಿನ ಮೇಲೆ ಇದ್ದಿಲಿನಿಂದ 8, 7, 5, 0 ಬರೆದು ಎದೆಗೆ ಹಿಡಿದಿದ್ದರು. ಎಂಟಕ್ಕೂ ಏಳಕ್ಕೂ ನಡುವೆ ಒಬ್ಬಾಕಿ ಕುಕ್ಕರಗಾಲಲ್ಲಿ ಕೂತಳು: ಅವಳು ಚುಕ್ಕಿ. ಗುಮಾಸ್ತನ ಪಾತ್ರದಾಕಿ ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಬಂದು, ಸಾಲು ನೋಡಿ, "ಎಂಟ್. ಮುಂದಿನಾಕಿ ಬಾ" ಅಂದಳು. ಚೀಲ ಹೊತ್ತಾಕಿ ತಲೆಬಾಗಿ ಹೋದಳು. ಅಷ್ಟಕ್ಕೆ ಆಟ ಮುಗಿಯಿತು. ಯಾರಿಗೂ ಏನೂ ತಪ್ಪು ಕಾಣಲಿಲ್ಲ, ಯಾಕೆಂದರೆ ಅದು ದಿನಾ ಕಾಣುವಂಥದ್ದೇ.

ಆಗ ಸಾರಥಿಯನ್ನು ಕರೆದೆ. ಸಾರಥಿ ಸಾಲಿನ ಮುಂದೆ ನಿಂತು ಒಬ್ಬೊಬ್ಬರ ನಾಮಾಂಕಿತ ಕೇಳಿದ.

"ನಾನು ಎಂಟು ಕಿಲೋ."

"ನಾನು ಏಳು."

"ಏಳು ಏನು? ಏಳು ಕಿಲೋನ?"

ಏಳು ತಡಬಡಿಸಿತು. ಎಲ್ಲರೂ ಯೋಚಿಸಿದರು. ಒಬ್ಬಾಕಿಗೆ ಕಿರಾಣಿ ಅಂಗಡಿಯ ಅರ್ಧ ಕಿಲೋ ಸಕ್ಕರೆಯ ಪೊಟ್ಟಣದ ಮೇಲೆ 500 ಅಂತ ಇದ್ದದ್ದು ನೆನಪಾಯಿತು. ಐದು ಅಂದರೆ ಐನೂರು ಗ್ರಾಮ್ ಆದರೆ ಏಳು ಅಂದರೆ ಏಳುನೂರು. ಪಕ್ಕದ ಐದು ತಾನೇ ಐವತ್ತು ಅಂತ ಹೇಳಿಕೊಂಡಿತು. ಕಡೆಗೆ ಸಾರಥಿ ಕೆಳಗೆ ಬಗ್ಗಿ ಚುಕ್ಕಿಯನ್ನು ಕೇಳಿದ. ಅವಳು ಕೂತಲ್ಲಿಂದಲೇ ಎರಡೂ ಕೈ ಅಗಲಿಸಿದಳು: "ನಾನು ಬಾಗಲಾ. ನನ್ನ ಈಚಿಗೆ ಕಿಲೋ, ಆಚಿಗೆ ಗ್ರಾಮ್. ನನ್ನ ದಾಟಿ ಒಳಗ ನೋಡದ ಹೋದರ ಮುಕ್ಕಾಲು ಕಿಲೋ ಹೋತ!"

ದಶಾಂಶವನ್ನು ನಾನು ಇಷ್ಟು ಚಂದ ವಿವರಿಸಲಾರೆ. ಅವತ್ತಿನಿಂದ ನಮ್ಮ ತರಗತಿಯಲ್ಲಿ ದಶಾಂಶ ಬಿಂದುವಿನ ಹೆಸರು ಬಾಗಿಲು.

ಮರುರಾತ್ರಿ ಹುಣಸಿಬೀಜ ತಂದೆವು. ಒಂದು ಬೀಜ ಅಂದರೆ ಕಾಲು ಕಿಲೋ. ದಿನಕ್ಕೆ ಒಂದೇ ತೂಕದಲ್ಲಿ ಮುಕ್ಕಾಲು ಕಿಲೋ ಬಿಟ್ಟುಹೋದರೆ ಮೂರು ಬೀಜ. ಆರು ದಿನಕ್ಕೆ ಹದಿನೆಂಟು. ನಾಲ್ಕು ನಾಲ್ಕರ ಗುಂಪು ಮಾಡಿದರೆ ನಾಲ್ಕು ಗುಂಪು, ಮೇಲೆ ಎರಡು ಬೀಜ. ನಾಲ್ಕೂವರೆ ಕಿಲೋ. ಯಾರೂ ಮಾತಾಡಲಿಲ್ಲ. ಆ ಮೌನವನ್ನು ನೀವು ಮಾತಿನಿಂದ ತುಂಬಬೇಡಿ, ಲೆಕ್ಕ ಒಳಗಿಳಿಯಲು ಬಿಡಿ.

ಇಲ್ಲಿಂದ ಮುಂದಿನದು ಬ್ರೆಜಿಲ್‌ನ ಅಗಸ್ಟೊ ಬೋಲ್ (1931–2009) ಕಟ್ಟಿದ ಫೋರಂ ಥಿಯೇಟರಿನ ದಾರಿ. ಅನ್ಯಾಯದಲ್ಲಿ ಮುಗಿಯುವ ಪುಟ್ಟ ಆಟವನ್ನು ಮತ್ತೊಮ್ಮೆ ಆಡುತ್ತಾರೆ; ನೋಡುವವರು ಯಾರು ಬೇಕಾದರೂ ನಿಲ್ಲಿಸಿ, ಪಾತ್ರದ ಜಾಗಕ್ಕೆ ಬಂದು ಬೇರೆ ರೀತಿ ನಡೆದು ತೋರಿಸಬಹುದು. ನಡುವೆ ನಿಂತು ಪ್ರಶ್ನೆ ಕೇಳುವವನನ್ನು ಬೋಲ್ ಜೋಕರ್ ಅಂದರು. ನಮ್ಮ ಸಾರಥಿ ಆ ಕೆಲಸಕ್ಕೆ ಹೇಳಿ ಮಾಡಿಸಿದವನು, ಹೊಸದಾಗಿ ಏನನ್ನೂ ತಿಳಿಸಿಕೊಡಬೇಕಾಗಿಲ್ಲ.

ಮೊದಲು ಬಂದಾಕಿ ಗುಮಾಸ್ತನ ಮೇಲೆ ಕೂಗಾಡಿದಳು. ಗುಮಾಸ್ತ "ನಾಳಿಂದ ಬರಬ್ಯಾಡ" ಅಂದ. ಎರಡನೆಯಾಕಿ ಮೆತ್ತಗೆ, "ಅಣ್ಣಾರ, ಬಾಗಲಾ ದಾಟಿ ಓದ್ರಿ" ಅಂದಳು. ಅವನು ಕೇಳಿಸದವನಂತೆ ಮುಂದಿನವಳನ್ನು ಕರೆದ. ಮೂರನೇ ಸಲ ಮೂವರು ಒಟ್ಟಿಗೆ ಬಂದರು. ಜಗಳ ಇಲ್ಲ, ಬೇಡಿಕೆಯೂ ಇಲ್ಲ. ಕಾಟಾದ ಪಕ್ಕ ನಿಂತು ಪ್ರತಿಯೊಬ್ಬಳ ತೂಕವನ್ನು ಗುಮಾಸ್ತನಿಗಿಂತ ಮೊದಲೇ ಗಟ್ಟಿಯಾಗಿ ಓದಿದರು: "ಎಂಟು ಕಿಲೋ ಏಳುನೂರಾ ಐವತ್ತು." ಸಾರಥಿ ಗುಂಪಿಗೆ ಕೇಳಬೇಕಾದ ಪ್ರಶ್ನೆ ಒಂದೇ: "ಇದು ನಾಳಿ ನಿಜವಾಗಲೂ ಆಗತೈತೇನ?" ಮೊದಲೆರಡಕ್ಕೆ ಇಲ್ಲ ಅಂದವರು ಮೂರನೆಯದಕ್ಕೆ ಹೂಂ ಅಂದರು. ಸರಿಯಾದ ಉತ್ತರ ಯಾವುದು ಅಂತ ನೀವು ಹೇಳಬೇಡಿ. ಕೆಲಸ ಕಳೆದುಕೊಳ್ಳುವವರು ಅವರು, ನೀವಲ್ಲ.

ಇದೇ ಹೊತ್ತಿಗೆ ಕಾನೂನು ತನ್ನಿ, ಮೊದಲೇ ತಂದರೆ ಕಿವಿಗೆ ಹೋಗುವುದಿಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಮತ್ತು ಅದರ ನಿಯಮಗಳಂತೆ ವ್ಯಾಪಾರಕ್ಕೆ ಬಳಸುವ ಎಲೆಕ್ಟ್ರಾನಿಕ್ ಕಾಟಾವನ್ನು ವರ್ಷಕ್ಕೊಮ್ಮೆ ಇಲಾಖೆಯಿಂದ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. ಮುದ್ರೆ ಎಲ್ಲಿರುತ್ತದೆ ಅಂತ ಹುಡುಕುವುದೇ ಒಂದು ಆಟ: ಸಂತೆಗೆ ಹೋದಾಗ ಕಾಯಿಪಲ್ಯೆ ಅಂಗಡಿಯ ಕಾಟಾದಲ್ಲಿ ನೋಡಿಕೊಂಡು ಬಂದು ಮರುರಾತ್ರಿ ಅಭಿನಯಿಸಿ ತೋರಿಸಬೇಕು.

ನಾನು ಮಾಡಿದ ತಪ್ಪು

ಇದನ್ನು ಬರೆಯುವುದು ನನಗೆ ಕಷ್ಟ. ಆದರೂ ಓದಿ.

ನಮ್ಮ ಗುಂಪಿನ ಒಬ್ಬ ಹೆಣ್ಣುಮಗಳು ಒಂದು ರಾತ್ರಿ ಎಲ್ಲರೂ ಹೋದ ಮೇಲೆ ನನ್ನ ಮುಂದೆ ತನ್ನ ಸಾಲದ ಕಥೆ ಹೇಳಿ ಅತ್ತಳು. ವಾರದ ಕಂತು ತಪ್ಪಿದ್ದಕ್ಕೆ ಮನೆಯ ಹೊಲಿಗೆ ಮಷೀನು ಹೋಗಿತ್ತು. ಕಥೆ ನನ್ನ ಎದೆಯಲ್ಲಿ ಕೂತಿತು. ಹೆಸರು ಬದಲಿಸಿ ಆಟಕ್ಕೆ ತಂದೆ. ಪಕ್ಕದ ಓಣಿಯಲ್ಲಿ ಆಡಿದೆವು. ಹೆಸರು ಬದಲಿಸಿದರೇನು, ಮಷೀನು ಇತ್ತಲ್ಲ. ಇಡೀ ಓಣಿಗೆ ಯಾರ ಮನೆ ಅಂತ ಗೊತ್ತಾಯಿತು. ಅವಳು ಮತ್ತೆ ಬರಲಿಲ್ಲ. ಮನೆಗೆ ಹೋದೆ. ಚಹಾ ಮಾಡಿ ಕೊಟ್ಟಳು, ಲೋಟ ತೊಳೆದಿಟ್ಟಳು, ಆಮೇಲೆ ಅಂದಳು: "ಅಕ್ಕೋರ, ನಾ ನಿಮಗ ಹೇಳಿದ್ದೆ. ಓಣಿಗೆ ಹೇಳಿರಲಿಲ್ಲ."

ಅವತ್ತಿನಿಂದ ನಾನು ಮುರಿಯದ ಕಟ್ಟುಪಾಡುಗಳು ಇವು. ಎಲ್ಲರ ಮುಂದೆ ಹೇಳಿದ ಕಥೆ ಮಾತ್ರ ಆಟಕ್ಕೆ. ಕನಿಷ್ಠ ಮೂವರ ಕಥೆ ಬೆರೆಸಿ, ಯಾರದೂ ಅಲ್ಲದ ಹಾಗೆ ಮಾಡಬೇಕು. ಯಾರೂ ತಮ್ಮ ಪಾಲಿನ ಕಥೆಯನ್ನು ತಾವೇ ಅಭಿನಯಿಸಬಾರದು. ಬೇಡ ಅನ್ನುವ ಹಕ್ಕು ಆಟದ ದಿನ ಸಂಜೆಯ ತನಕವೂ ಅವರದು, ಕಾರಣ ಕೇಳುವ ಹಾಗಿಲ್ಲ. ಸಾಲ, ಕುಡಿತ, ಗಂಡನ ಹೊಡೆತದಂಥ ವಿಷಯ ಬಂದರೆ ಪಾತ್ರಗಳನ್ನು ಪುರಾಣದ ರಾಜ್ಯಕ್ಕೋ ಪ್ರಾಣಿಗಳ ಲೋಕಕ್ಕೋ ಕಳಿಸಿಬಿಡಿ. ಆನೆ ಸಾಲ ವಸೂಲಿಗೆ ಬಂದರೆ ಎಲ್ಲರಿಗೂ ತಿಳಿಯುತ್ತದೆ, ಯಾರ ಮನೆಯೂ ಬಯಲಾಗುವುದಿಲ್ಲ.

ಸಾಲದ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದ ತನಕ ಜೈಲು, 5 ಲಕ್ಷ ರೂಪಾಯಿ ತನಕ ದಂಡ. ಪತ್ರಿಕೆಯಲ್ಲಿ ಬಂದ ಆ ಸುದ್ದಿಯ ತಲೆಬರಹವನ್ನು ನಮ್ಮ ಗುಂಪಿನ ಆನೆ ತಾನೇ ಕೂಡಿಸಿ ಕೂಡಿಸಿ ಓದಿತು. ಆ ಹೆಣ್ಣುಮಗಳು ಅಲ್ಲಿ ಇರಬೇಕಾಗಿತ್ತು.

ಇನ್ನು ಕೆಲವು ಮಾತು

ಹಮಾಲರ ಜೊತೆ ಮಾಡುವುದಾದರೆ ಗೀಗೀ ಪದದಿಂದ ಶುರು ಮಾಡಿ. ಮುಂದೆ ಹಾಡುವವನೊಬ್ಬ, ಹಿಂದೆ ಗೀಯ ಗೀಯ ಅನ್ನುವವರು, ಎರಡು ಪಕ್ಷವಾದರೆ ಸವಾಲು ಜವಾಬು ತಾನಾಗಿ ಬರುತ್ತದೆ. ಕುಡಿದು ಬಂದವರನ್ನು ಹೊರಗೆ ಹಾಕಬೇಡಿ, ಪಾತ್ರ ಮಾತ್ರ ಕೊಡಬೇಡಿ. ಪಾತ್ರ ತಪ್ಪಿದ ನೋವು ಬೈಗುಳಕ್ಕಿಂತ ಹೆಚ್ಚು ತಾಗುತ್ತದೆ.

ಖರ್ಚು ಬಹಳ ಇಲ್ಲ. ಒಂದು ಡಪ್ಪು, ಎರಡು ಜೊತೆ ತಾಳ, ರಟ್ಟು, ಇದ್ದಿಲು, ಚಹಾ. ಮೈಕು ತರಬೇಡಿ. ಮೈಕು ಬಂದರೆ ಭಾಷಣ ಮಾಡುವವರು ಬರುತ್ತಾರೆ. ಯಾವುದೋ ಯೋಜನೆಯ ಘೋಷಣೆಯನ್ನು ಆಟದೊಳಗೆ ಸೇರಿಸಿ ಅಂತ ಯಾರಾದರೂ ಕೇಳಿದರೆ ಗುಂಪಿಗೇ ಕೇಳಿ ಅಂತ ಹೇಳಿ, ನೀವು ಒಪ್ಪಿಕೊಂಡು ಬರಬೇಡಿ.

ಹದಿನೈದು ವರ್ಷ ದಾಟಿದವರಿಗೆ ಉಲ್ಲಾಸ್ ಅನ್ನುವ ಕೇಂದ್ರ ಸರ್ಕಾರದ ಸಾಕ್ಷರತಾ ಕಾರ್ಯಕ್ರಮದ ಪರೀಕ್ಷೆ ಇದೆ: ಓದು, ಬರಹ, ಲೆಕ್ಕ ತಲಾ 50, ಒಟ್ಟು 150 ಅಂಕ. ಬರೆಯಬೇಕು ಅನ್ನುವವರಿಗೆ ಪರೀಕ್ಷೆಯನ್ನೂ ಒಂದು ಆಟವಾಗಿ ಮೊದಲೇ ಆಡಿಸಿ. ಒಬ್ಬರು ಮೇಲ್ವಿಚಾರಕಿ, ಒಬ್ಬರು ಗಂಟೆ ಬಾರಿಸುವವರು. ಪರೀಕ್ಷೆಯ ಕೋಣೆಯೊಳಗೆ ಕಾಲಿಡುವ ಹೆದರಿಕೆ ಅರ್ಧ ಅಲ್ಲೇ ಇಳಿಯುತ್ತದೆ.

ಶೀಗಿ ಹುಣ್ಣಿಮೆಗೆ ಆಟ ಆಡಿದ ಮರುರಾತ್ರಿ ತರಗತಿ ಇಡಲೇಬೇಕು. ದಣಿವಿದ್ದರೂ ಇಡಿ. ಆಟದ ಮಾತು ಆಡುತ್ತಲೇ ಪ್ರತಿಯೊಬ್ಬರೂ ತಮ್ಮ ಪಾತ್ರದ ಹೆಸರು, ತಮ್ಮ ಹೆಸರು, ಅವತ್ತಿನ ತಾರೀಖು ಇಷ್ಟನ್ನು ಒಂದೇ ದೊಡ್ಡ ಹಾಳೆಯ ಮೇಲೆ ಬರೆಯಲಿ. ಜನವರಿಗೆ ಮೆಣಸಿನಕಾಯಿ ಬಂದು ತರಗತಿ ವಾರಕ್ಕೊಂದು ರಾತ್ರಿಗೆ ಇಳಿದಾಗ, ಚಹಾ ಕುಡಿಯುವ ಹೊತ್ತಿನಲ್ಲಿ ಆ ಹಾಳೆಯನ್ನು ಬಿಚ್ಚಿ ಗೋಡೆಗೆ ಹಚ್ಚಿ. ಬಂದವರು ಬಂದ ಹಾಗೆ ತಮ್ಮ ಹೆಸರನ್ನು ಹುಡುಕಿ ಬೆರಳಿಟ್ಟು ಓದಿ ಒಂದು ಒಡಪು ಹೇಳಿ ಕೂಡಲಿ. ಸುಗ್ಗಿ ಮುಗಿಯುವ ತನಕ ಇಷ್ಟೇ ಪಾಠ.